ಹಳೇ ಪುಸ್ತಕ ಟೈಪ್ ಮಾಡುವಾಗ ಇಟಾಲಿಕ್ ಎಲ್ಲಿಗೆ ನಿಲ್ಲಿಸಬೇಕು?

ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ ಕೆನರಾ ಸಂಪುಟವನ್ನು (1883) ಹಳೇ ಪುಸ್ತಕಗಳ ಉಚಿತ ಆನ್‌ಲೈನ್ ಗ್ರಂಥಾಲಯವಾದ ವಿಕಿಸೋರ್ಸ್‌ಗೆ ಟೈಪ್ ಮಾಡುತ್ತಿದ್ದೀರಿ. ಓರೆ ಅಕ್ಷರದ ಪದದ ಪಕ್ಕ ಇರೋ ಕಾಮಾ ಇಟಾಲಿಕ್ (ಓರೆ) ಗುರುತಿನ ಒಳಗೋ ಹೊರಗೋ ಅನ್ನೋದು ನಿಮ್ಮ ಪ್ರಶ್ನೆ, ಅಲ್ವಾ? ನಾನೂ ಡೊಂಬಿವಲಿಯಲ್ಲಿ ಕೂತು ಅದೇ ಸರಣಿಯ ಧಾರವಾಡ ಸಂಪುಟ ಮಾಡುತ್ತಿದ್ದೇನೆ. ಎರಡೂ ನಮ್ಮ ಮುಂಬೈಯ ಸರ್ಕಾರಿ ಪ್ರೆಸ್‌ನಲ್ಲೇ ಅಚ್ಚಾದವು.

ಕಾಮಾ ಹೊರಗೆ. ಓರೆಯಾಗಿರೋದು ಪದ, ಕಾಮಾ ವಾಕ್ಯಕ್ಕೆ ಸೇರಿದ್ದು. ''ರಾಗಿ'', ''ಜೋಳ'', ಹೀಗೆ. ಇಡೀ ವಾಕ್ಯ ಓರೆಯಾಗಿದ್ದರೆ ಕೊನೆಯ ಚುಕ್ಕಿಯೂ ಒಳಗೆ. ''ಇಬಿಡ್.'' (ಅದೇ ಪುಸ್ತಕದಲ್ಲಿ ಅಂತ ಅರ್ಥ) ಥರದ ಸಂಕ್ಷೇಪದ ಚುಕ್ಕಿಯೂ ಒಳಗೇ. ಹಳೇ ಪುಸ್ತಕಗಳನ್ನು ಹೀಗೇ ಡಿಜಿಟಲ್ ಮಾಡುವ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್ ತಾಣದವರೂ ಹೀಗೇ ಮಾಡುತ್ತಾರೆ.

ಆದರೆ ನಿಜವಾದ ತಲೆನೋವು ಕಾಮಾ ಅಲ್ಲ, ಅಪಾಸ್ಟ್ರಫಿ. ವಿಕಿಯಲ್ಲಿ ಎರಡು ಅಪಾಸ್ಟ್ರಫಿ ಅಂದರೆ ಇಟಾಲಿಕ್, ಮೂರು ಅಂದರೆ ಬೋಲ್ಡ್. ಓರೆಯಾದ ಹೆಸರಿನ ಬೆನ್ನಿಗೇ ಇಂಗ್ಲಿಷಿನ ಅಪಾಸ್ಟ್ರಫಿ-ಎಸ್ ಬಂತು ಅಂದುಕೊಳ್ಳಿ. ಮೂರು ಒಟ್ಟಿಗೆ ಸೇರಿ ಸಾಲೇ ಕೆಡಬಹುದು. ನಡುವೆ ಒಂದು ಖಾಲಿ ನೋವಿಕಿ ಟ್ಯಾಗ್ (<nowiki/>) ಹಾಕಿ, ಸರಿಹೋಗುತ್ತದೆ. ಫೋನಿನಲ್ಲಿ ಟೈಪ್ ಮಾಡುವವರಾದರೆ ನೆಟ್ಟಗಿನ ಕೋಟನ್ನು ತಾನಾಗೇ ಬಾಗಿಸುವ ಸ್ಮಾರ್ಟ್ ಪಂಕ್ಚುಯೇಶನ್ ಆಫ್ ಮಾಡಿ. ಬಾಗಿದ ಕೋಟ್ ವಿಕಿಗೆ ಅರ್ಥವಾಗೋದಿಲ್ಲ. ಡಬಲ್ ಕೋಟ್ ಕೀಲಿಯೂ ನಡೆಯೋದಿಲ್ಲ, ನೋಡೋಕೆ ಮಾತ್ರ ಒಂದೇ ಥರ.

ಇನ್ನೊಂದು. ಈ ಇಟಾಲಿಕ್ ಸಾಲು ಮುರಿದ ಕೂಡಲೇ ತಾನಾಗೇ ಮುಗಿದುಬಿಡುತ್ತದೆ. ಪದ್ಯವಿದ್ದರೆ ಸಾಲು ಸಾಲಿಗೂ ತೆರೆದು ಮುಚ್ಚಬೇಕು. ಓರೆ ಭಾಗ ಮುಂದಿನ ಪುಟಕ್ಕೆ ಹೋದರೆ ಈ ಪುಟದಲ್ಲಿ ಮುಚ್ಚಿ, ಅಲ್ಲಿ ಮತ್ತೆ ತೆರೆಯಿರಿ. ಬೇಜಾರಿನ ಕೆಲಸ, ಆದರೂ ಮಾಡಬೇಕು.

ಓಸಿಆರ್ (ಪುಟದ ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಕೊಟ್ಟದ್ದನ್ನು ನಂಬಬೇಡಿ. ಎಷ್ಟೋ ಸಲ ಅದು ಓರೆಯನ್ನು ಗುರುತಿಸೋದೇ ಇಲ್ಲ. ಓರೆ ಎಚ್‌ನ ಕಾಲು ಸ್ವಲ್ಪ ಒಳಕ್ಕೆ ಬಾಗಿದ್ದರೆ ಸುಮ್ನೆ ಬಿ ಅಂತ ಓದಿಬಿಡುತ್ತದೆ. ನಮ್ಮೂರಿನ ಪದಗಳು ಇಂಗ್ಲಿಷ್ ನಿಘಂಟಿನಲ್ಲಿ ಇರೋದಿಲ್ಲ, ಹಾಗಾಗಿ ಸ್ಪೆಲ್‌ಚೆಕ್ಕೂ ಕೈಕೊಡುತ್ತದೆ. ಹೋಬಳಿ ಬೋಬಳಿ ಆದರೆ ನಾವು ನೀವೇ ಹಿಡಿಯಬೇಕು.

ಒಂದು ಪುಟದಲ್ಲಿ ಓರೆಯಾಗಿರೋ ಪದ ಮುಂದಿನ ಪುಟದಲ್ಲಿ ನೆಟ್ಟಗಿದ್ದರೆ? ಹಾಗೇ ಬಿಡಿ. ಅಚ್ಚುಮೊಳೆ ಜೋಡಿಸಿದವನನ್ನು ತಿದ್ದೋದು ನಮ್ಮ ಕೆಲಸವಲ್ಲ. ಕನ್ನಡ ಪುಸ್ತಕಕ್ಕೂ ಅಷ್ಟೇ. ಮೂಲದಲ್ಲಿ ದಪ್ಪ ಅಕ್ಷರ ಇದ್ದರೆ ದಪ್ಪವೇ ಇರಲಿ. ಓರೆ ಮಾಡಲು ಹೋದರೆ ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಇಟಾಲಿಕ್ಕೇ ಇಲ್ಲ, ಬ್ರೌಸರ್ ಅಕ್ಷರವನ್ನು ಸುಮ್ನೆ ವಾಲಿಸುತ್ತದೆ, ಒತ್ತಕ್ಷರ ಓದೋಕೆ ಕಷ್ಟವಾಗುತ್ತದೆ.