ಮುಖದ ಸೋರಿಯಾಸಿಸ್: ಮೊದಲು ಆ ಟ್ಯೂಬ್ ಕೆಳಗಿಡಿ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಮುಖದ ಸೋರಿಯಾಸಿಸ್ ಬಗ್ಗೆಯೇ ಇವೆ. ಚರ್ಮ ಕೆಂಪಾಗಿ ಮೇಲೆ ಬಿಳಿ ಪೊರೆ ಏಳುವ ಕಾಯಿಲೆ ಇದು. ಮೊಣಕೈ, ಮಂಡಿ ಮೇಲಿದ್ದರೆ ತೋಳಿನ ಅಂಗಿ, ಸೀರೆ ಮುಚ್ಚಿಬಿಡುತ್ತದೆ. ಮುಖಕ್ಕೆ ಬಂದರೆ ಮುಚ್ಚುವುದೆಲ್ಲಿ? ಅದಕ್ಕೇ ಜನ ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಚ್ಚುತ್ತಾರೆ. ಹಾಸನದ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಕಾಯಿಲೆಗಿಂತ ಹಚ್ಚಿದ್ದರಿಂದ ಕೆಟ್ಟ ಮುಖಗಳೇ ಜಾಸ್ತಿ.

ಪ್ರಶ್ನೆ: ನನಗೆ 34 ವರ್ಷ, ಅರಸೀಕೆರೆ ಕಡೆ ಶಾಲೆಯಲ್ಲಿ ಟೀಚರ್. ಮೂರು ವರ್ಷದಿಂದ ತಲೆಯಲ್ಲಿ ಸೋರಿಯಾಸಿಸ್ ಇತ್ತು. ಈಗ ಹಣೆಯ ಅಂಚು, ಹುಬ್ಬು, ಮೂಗಿನ ಪಕ್ಕಕ್ಕೆ ಇಳಿದಿದೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮ್ ಹಚ್ಚಿದರೆ ಎರಡು ದಿನಕ್ಕೆ ಮಾಯ, ಬಿಟ್ಟರೆ ಮೊದಲಿಗಿಂತ ಕೆಂಪು. ಎಂಟು ತಿಂಗಳಿಂದ ಇದೇ ಆಟ. ಈಗ ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ, ಕೆನ್ನೆ ಮೇಲೆ ಸಣ್ಣ ಗುಳ್ಳೆ ಎದ್ದಿವೆ. ಅತ್ತೆಯವರು ಬೇವು, ಅರಿಶಿನ ಅರೆದು ಹಚ್ಚು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಮುಖದಲ್ಲಿ ಈಗ ಎರಡು ತೊಂದರೆ ಇರುವ ಹಾಗೆ ಕಾಣುತ್ತದೆ. ಒಂದು ಸೋರಿಯಾಸಿಸ್. ಇನ್ನೊಂದು ಆ ಟ್ಯೂಬ್ ತಂದಿಟ್ಟಿದ್ದು. ಎರಡನೆಯದೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ.

ಇಂಥ ಟ್ಯೂಬ್ ನನ್ನ ಟೇಬಲ್ ಮೇಲೆ ಎಷ್ಟು ಬಂದಿವೆಯೋ ಲೆಕ್ಕವಿಲ್ಲ. ಬುಡದಿಂದ ಸುರುಳಿ ಸುತ್ತಿ ಕೊನೇ ಹನಿವರೆಗೆ ಹಿಂಡಿರುತ್ತಾರೆ. ಪ್ಲಾಸ್ಟಿಕ್ ಕವರ್, ಮೇಲೊಂದು ರಬ್ಬರ್ ಬ್ಯಾಂಡ್. ಹೆಸರು ಅರ್ಧ ಅಳಿಸಿರುತ್ತದೆ. ಕನ್ನಡಕ ಹಾಕಿಕೊಂಡು ಸಣ್ಣಕ್ಷರ ಓದಿದರೆ ಕ್ಲೋಬೆಟಸಾಲ್ ಅಥವಾ ಬೆಟಾಮೆಥಾಸೋನ್ ಅನ್ನೋ ಜೋರಾದ ಸ್ಟೀರಾಯ್ಡ್, ಜೊತೆಗೊಂದು ಫಂಗಸ್ ಔಷಧ, ಒಂದು ಆಂಟಿಬಯೋಟಿಕ್. ಎಲ್ಲ ಕಾಯಿಲೆಗೂ ಒಂದೇ ಸಾಂಬಾರ್! ಬೆಳ್ಳಗಾಗಲು ಕೊಡುವ ಕ್ರೀಮುಗಳಲ್ಲೂ ಎಷ್ಟೋ ಸಲ ಮೊಮೆಟಾಸೋನ್ ಅನ್ನೋ ಸ್ಟೀರಾಯ್ಡ್ ಇರುತ್ತದೆ. ನಿಮ್ಮ ಟ್ಯೂಬನ್ನೂ ಒಮ್ಮೆ ಹೀಗೆ ಓದಿ ನೋಡಿ.

ಕ್ಲೋಬೆಟಸಾಲ್ ಕೆಟ್ಟ ಔಷಧವಲ್ಲ. ಮೊಣಕೈಯ ದಪ್ಪ ಪೊರೆಗೆ ನಾನೇ ಬರೆಯುತ್ತೇನೆ. ಆದರೆ ಮುಖದ ಚರ್ಮ ತೆಳು, ಹಚ್ಚಿದ್ದನ್ನು ಬೇಗ ಒಳಗೆ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳುವಾಗುತ್ತದೆ, ಕೆಂಪು ನರದೆಳೆ ಕಾಣುತ್ತವೆ, ಮೊಡವೆಯಂಥ ಗುಳ್ಳೆ ಏಳುತ್ತವೆ, ಗಲ್ಲದ ಮೇಲೆ ಕೂದಲು ಜಾಸ್ತಿಯಾಗಬಹುದು, ಬಿಸಿಲು ಕಂಡರೆ ಉರಿ. ಬಿಟ್ಟ ಕೂಡಲೇ ಮುಖ ಕೆಂಪಾಗಿ ಊದುತ್ತದೆ. ಕಾಯಿಲೆ ಜಾಸ್ತಿಯಾಯಿತು ಅಂದುಕೊಂಡು ಮತ್ತೆ ಅದನ್ನೇ ಹಚ್ಚುತ್ತೀರಿ. ಈ ಸುಳಿಯಿಂದ ಹೊರಗೆ ಬರದೆ ಬೇರೆ ಯಾವ ಮದ್ದೂ ಹತ್ತುವುದಿಲ್ಲ.

ಹಾಗಂತ ನಾಳೆ ಬೆಳಿಗ್ಗೆಯೇ ಎಸೆದು ಸುಮ್ನೆ ಕೂರಬೇಡಿ. ಟ್ಯೂಬ್ ಹಿಡಿದುಕೊಂಡೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲೂ ಚರ್ಮದ ವಿಭಾಗ ಇದೆ. ನಿಮ್ಮಂಥವರಿಗೆ ಸಾಮಾನ್ಯವಾಗಿ ಸೌಮ್ಯ ಸ್ಟೀರಾಯ್ಡಿಗೆ ಇಳಿಸಿ, ದಿನ ಬಿಟ್ಟು ದಿನ ಮಾಡಿ, ಆಮೇಲೆ ನಿಲ್ಲಿಸುತ್ತೇವೆ. ನಡುವೆ ಕೆಲವು ವಾರ ಮುಖ ಕೆಂಪಾಗಿಯೇ ಇರುತ್ತದೆ. ಶಾಲೆಯಲ್ಲಿ ಮಕ್ಕಳು 'ಮಿಸ್, ಏನಾಯ್ತು?' ಅಂತ ಕೇಳುತ್ತಾರೆ. ಆ ವಾರಗಳನ್ನು ದಾಟಬೇಕು, ಅಡ್ಡದಾರಿ ಇಲ್ಲ.

ಇನ್ನೊಂದು ವಿಷಯ. ಅದು ನಿಜಕ್ಕೂ ಸೋರಿಯಾಸಿಸ್ಸೇನಾ? ಹುಬ್ಬು, ಮೂಗಿನ ಪಕ್ಕ ಅಂದಿರಿ. ಸೆಬೊರಿಕ್ ಡರ್ಮಟೈಟಿಸ್ ಅನ್ನೋ ಹೊಟ್ಟಿನ ಕಾಯಿಲೆಯೂ ಅಲ್ಲೇ ಬರುತ್ತದೆ. ಅದರ ಪೊರೆ ಹಳದಿ, ಜಿಡ್ಡು ಜಿಡ್ಡು. ಸೋರಿಯಾಸಿಸ್ ಪೊರೆ ಒಣಗಿ ಬೆಳ್ಳಗಿರುತ್ತದೆ, ಕೂದಲ ಅಂಚು ದಾಟಿ ಹಣೆಗೆ ಬರುತ್ತದೆ. ಕೆಲವರಿಗೆ ಎರಡೂ ಸೇರಿಕೊಂಡಿರುತ್ತವೆ. ಹುಳುಕಡ್ಡಿ ಅನ್ನೋ ಫಂಗಸ್ ಕಾಯಿಲೆ ಮೇಲೆ ಸ್ಟೀರಾಯ್ಡ್ ಬಿದ್ದರೆ ಅದರ ಉಂಗುರದ ಗುರುತೇ ಅಳಿಸಿಹೋಗಿ ಏನೇನೋ ಆಗಿ ಕಾಣುತ್ತದೆ. ಅದರ ಅನುಮಾನ ಬಂದರೆ ಚೂರು ಪೊರೆ ಕೆರೆದು, ಗಾಜಿನ ಮೇಲೆ ಒಂದು ಹನಿ ಔಷಧ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಸೂಜಿಯಿಲ್ಲ, ನೋವಿಲ್ಲ.

ಸೋರಿಯಾಸಿಸ್ಸೇ ಅಂತಾದರೆ ಮುಖಕ್ಕೆ ನಾನು ಜಾಸ್ತಿ ನೆಚ್ಚುವುದು ಟ್ಯಾಕ್ರೋಲಿಮಸ್ ಮುಲಾಮನ್ನು. ಸ್ಟೀರಾಯ್ಡ್ ಅಲ್ಲ, ಚರ್ಮ ತೆಳುವಾಗುವುದಿಲ್ಲ. ಮೊದಲ ನಾಲ್ಕೈದು ದಿನ ಹಚ್ಚಿದ ಜಾಗ ಉರಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಜನ ಮೂರನೇ ದಿನಕ್ಕೆ ಬಿಟ್ಟು ಬಂದುಬಿಡುತ್ತಾರೆ. ಮುಖ ಒದ್ದೆ ಇದ್ದಾಗ ಹಚ್ಚಬೇಡಿ, ಉರಿ ಜಾಸ್ತಿ. ಡಬ್ಬಿಯೊಳಗಿನ ಚೀಟಿಯಲ್ಲಿ ಕ್ಯಾನ್ಸರ್ ಅನ್ನೋ ಪದ ಓದಿ ಹೆದರುವವರೂ ಇದ್ದಾರೆ. ಇಷ್ಟು ವರ್ಷ ಬಳಸಿದರೂ ಹಚ್ಚುವ ಮುಲಾಮಿನಿಂದ ಹಾಗಾಗುತ್ತದೆ ಎಂದು ಸಾಬೀತಾಗಿಲ್ಲ. ಕೆರಳಿದಾಗ ಕೆಲವೇ ದಿನ 1 ಪರ್ಸೆಂಟ್ ಹೈಡ್ರೋಕಾರ್ಟಿಸೋನ್ ಕೊಡುತ್ತೇವೆ. ರೆಪ್ಪೆಗೆ ಅದನ್ನೂ ನಿಮ್ಮಷ್ಟಕ್ಕೆ ಹಚ್ಚಬಾರದು. ಕಣ್ಣಿನೊಳಗಿನ ಒತ್ತಡ ಏರಬಹುದು, ಕಣ್ಣಿನ ಪೊರೆ (ಕ್ಯಾಟರಾಕ್ಟ್) ಬರಬಹುದು.

ಎಷ್ಟು ಹಚ್ಚಬೇಕು? ಒಂದು ಹುಬ್ಬಿಗೆ ಹೆಸರುಕಾಳಿನಷ್ಟು. ಗೋಡೆಗೆ ಸುಣ್ಣ ಬಳಿದ ಹಾಗಲ್ಲ.

ಈಗ ಅತ್ತೆಯವರ ಮಾತಿಗೆ ಬರೋಣ. ಅರಿಶಿನದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಈಗ ನಿಮ್ಮ ಮುಖ ಸುಟ್ಟ ಹಾಲಿನ ಕೆನೆ ಇದ್ದ ಹಾಗಿದೆ. ಬೇವನ್ನು ನುಣ್ಣಗೆ ಅರೆದರೂ ಒಣಗುವಾಗ ಬಿಗಿಯುತ್ತದೆ, ತೊಳೆಯುವಾಗ ಉಜ್ಜಲೇಬೇಕು. ಸೋರಿಯಾಸಿಸ್ ಇರುವವರಿಗೆ ಉಜ್ಜಿದ, ಗೀರಿದ ಜಾಗದಲ್ಲೇ ಹೊಸ ಮಚ್ಚೆ ಏಳುವ ಸ್ವಭಾವ ಇರುತ್ತದೆ. ಕಡಲೆಹಿಟ್ಟು, ಸೀಗೆಪುಡಿಗೂ ಇದೇ ಮಾತು. ನಿಂಬೆರಸ, ಬೆಳ್ಳುಳ್ಳಿ, ಅಡುಗೆ ಸೋಡ ಅಂತೂ ಬೇಡವೇ ಬೇಡ. ಎಕ್ಕದ ಹಾಲು, ಕರಿಗೇರಿನ ಎಣ್ಣೆ ಹಚ್ಚಿ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ಮನೆಯಲ್ಲಿ ಮಾಡಬಹುದಾದದ್ದು ಇದೆ, ಬಹಳ ಸಾದಾ. ರಾತ್ರಿ ಪೊರೆ ಮೇಲೆ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಹಚ್ಚಿ. ಕಾಲು ಗಂಟೆ ಬಿಡಿ. ಹಳೇ ಪಂಚೆ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ, ಮೆಲ್ಲಗೆ ಒತ್ತಿ ತೆಗೆಯಿರಿ. ತಾನಾಗಿ ಬಂದಷ್ಟು ಬರಲಿ. ಉಗುರಿನಿಂದ ಎಬ್ಬಿಸಿದರೆ ಕೆಳಗೆ ಸೂಜಿಮೊನೆಯಂಥ ರಕ್ತದ ಚುಕ್ಕೆ ಕಾಣುತ್ತವೆ. ಪೂರ್ತಿ ಆರಿದ ಮೇಲೆ ಮುಲಾಮು. ಹೊಟ್ಟಿನ ಕಾಯಿಲೆಯೂ ಸೇರಿದ್ದರೆ ರಾತ್ರಿಯಿಡೀ ಎಣ್ಣೆ ಬಿಡಬೇಡಿ, ಅಂಥವರಿಗೆ ಎಣ್ಣೆಯಿಂದ ಕೆರಳುತ್ತದೆ. ಲೋಳೆಸರದ ತಿರುಳಿನಿಂದ ಕೆಲವರಿಗೆ ತಂಪೆನಿಸುತ್ತದೆ. ಎಲೆ ಕೊಯ್ದ ಕೂಡಲೇ ಸೋರುವ ಹಳದಿ ರಸ ಹರಿದುಹೋಗಲು ಬಿಟ್ಟು, ಮೊದಲು ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ನೋಡಿ. ನಿಮ್ಮ ಮುಖದ ಉರಿ ಇಳಿಯುವವರೆಗೆ ಅದೂ ಬೇಡ.

ತಲೆಯದನ್ನು ಬಿಟ್ಟು ಮುಖದ್ದಕ್ಕೆ ಮಾತ್ರ ಮದ್ದು ಮಾಡಿದರೆ ಹಣೆಯ ಅಂಚು ಮತ್ತೆ ಮತ್ತೆ ಕೆಂಪಾಗುತ್ತಲೇ ಇರುತ್ತದೆ. ಎರಡನ್ನೂ ತೋರಿಸಿ.

ಪ್ರಶ್ನೆ: ನಾವು ಮೂಡಿಗೆರೆಯವರು. ಮಗಳಿಗೆ 23, ಮುಖದಲ್ಲಿ ಸೋರಿಯಾಸಿಸ್. ಮುಂದಿನ ತಿಂಗಳು ಗಂಡಿನವರು ನೋಡಲು ಬರುತ್ತಾರೆ. ಅಂಟುರೋಗ ಅಂತ ಕೆಲವರು, ನಾಗದೋಷ ಅಂತ ಕೆಲವರು. ಒಬ್ಬರು ಪುಡಿ ಕೊಟ್ಟು ಇಪ್ಪತ್ತು ದಿನಕ್ಕೆ ಗ್ಯಾರಂಟಿ ಅನ್ನುತ್ತಾರೆ. ಕೊಡಿಸಲಾ?

ಉತ್ತರ: ಅಮ್ಮಾ, ಆ ಪುಡಿ ಬೇಡ.

ಸೋರಿಯಾಸಿಸ್ ಅಂಟುವುದಿಲ್ಲ. ಒಂದೇ ಟವೆಲ್, ಒಂದೇ ತಟ್ಟೆ, ಯಾವುದರಿಂದಲೂ ಇಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಇದರ ಬಗ್ಗೆಯೇ ನಿರ್ಣಯ ಮಾಡಿ, ಅಂಟದ ಕಾಯಿಲೆ ಎಂದು ಹೇಳಿದೆ. ನಮ್ಮ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಚರ್ಮವನ್ನು ಅವಸರ ಪಡಿಸುತ್ತದೆ. ತಿಂಗಳಲ್ಲಿ ಹುಟ್ಟಿ ಉದುರಬೇಕಾದ ಚರ್ಮದ ಕಣ ನಾಲ್ಕೈದು ದಿನಕ್ಕೇ ಮೇಲೆ ಬಂದು ಗುಡ್ಡೆ ಬೀಳುತ್ತದೆ. ಅದೇ ನಿಮಗೆ ಕಾಣುವ ಪೊರೆ. ಕುಕ್ಕೆಗೆ ಹೋಗಿ ಬಂದರೆ ಮನಸ್ಸಿಗೆ ಸಮಾಧಾನ ಆಗುತ್ತದೆ ಅಂದರೆ ಖಂಡಿತ ಹೋಗಿ ಬನ್ನಿ. ಬ್ಯಾಗಿನಲ್ಲಿ ಮುಲಾಮೂ ಇರಲಿ.

ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ಮಾತ್ರೆ ಅರೆದು ಬೆರೆಸಿರಬಹುದು. ತಿನ್ನುವಾಗ ಮುಖ ಹೊಳೆಯುತ್ತದೆ. ನಿಲ್ಲಿಸಿದ ಮೇಲೆ ಮೈಯೆಲ್ಲ ಕೆಂಪಾಗಿ, ಕೀವುಗುಳ್ಳೆ ಎದ್ದು ಆಸ್ಪತ್ರೆಗೆ ಸೇರಬೇಕಾದೀತು, ಅದೂ ಮದುವೆ ಹೊತ್ತಿಗೆ! ಆಯುರ್ವೇದವೇ ಬೇಕು ಅಂದರೆ ಓದಿ ಪದವಿ ಪಡೆದ ವೈದ್ಯರ ಹತ್ತಿರ ಹೋಗಿ. ಹಾಸನದ ಎಸ್‌ಡಿಎಂ ಆಯುರ್ವೇದ ಕಾಲೇಜಿಗೇ ಆಸ್ಪತ್ರೆ ಇದೆ. ಏನು ಕೊಟ್ಟರು ಅನ್ನೋದು ಚೀಟಿಯಲ್ಲಿರಬೇಕು, ಇಷ್ಟು ಮುಖ್ಯ.

ಒಂದು ತಿಂಗಳಲ್ಲಿ ಸರಿಯಾದ ಮುಲಾಮಿನಿಂದ ಮುಖ ಎಷ್ಟೋ ತಿಳಿಯಾಗುತ್ತದೆ. ಬೇರು ಸಮೇತ ಹೋಗುತ್ತದೆ ಎಂದು ನಾನು ಹೇಳಲಾರೆ, ಹಾಗೆ ಹೇಳುವವರನ್ನು ನೀವೂ ನಂಬಬೇಡಿ. ಸ್ಟಿಕ್ಕರ್ ಬೊಟ್ಟು ಸದ್ಯಕ್ಕೆ ಬಿಡಲಿ, ಆ ಅಂಟು ಹಣೆಯನ್ನು ಕೆರಳಿಸುತ್ತದೆ. ಅರಿಶಿನ ಶಾಸ್ತ್ರಕ್ಕೆ ಕೆನ್ನೆಗೆ ಒಂದು ಬೊಟ್ಟು ಇಟ್ಟರೆ ಸಾಕು, ಉಳಿದದ್ದು ಕೈಕಾಲಿಗೆ.

ಗಂಡಿನವರಿಗೆ ಹೇಳಬೇಕಾ ಅಂತ ನೀವು ಕೇಳಿಲ್ಲ. ನಾನೇ ಹೇಳುತ್ತೇನೆ, ಹೇಳಿಬಿಡಿ. ಕಾರಣ ಬರೀ ನ್ಯಾಯ ಅಂತಲ್ಲ. ಮುಂದೆ ಸೋರಿಯಾಸಿಸ್ಸಿಗೆ ಮೆಥೋಟ್ರೆಕ್ಸೇಟ್ ಅನ್ನೋ ಮಾತ್ರೆ ಬೇಕಾದರೆ ಅದನ್ನು ತಿನ್ನುತ್ತಿರುವಾಗ ಬಸಿರಾಗಬಾರದು, ಮಗು ಬೇಕೆಂದರೆ ಮೊದಲೇ ಡಾಕ್ಟರನ್ನು ಕೇಳಿ ನಿಲ್ಲಿಸಬೇಕು. ಅಸಿಟ್ರೆಟಿನ್ ಅನ್ನೋ ಇನ್ನೊಂದು ಔಷಧವಾದರೆ ನಿಲ್ಲಿಸಿದ ಮೇಲೂ ಮೂರು ವರ್ಷ ಕಾಯಬೇಕು. ಅದಕ್ಕೇ ಈ ವಯಸ್ಸಿನ ಹೆಣ್ಣುಮಕ್ಕಳಿಗೆ ನಾನು ಅದನ್ನು ಬರೆಯುವುದೇ ಇಲ್ಲ. ಇದನ್ನೆಲ್ಲ ಗಂಡನಿಂದ ಮುಚ್ಚಿಟ್ಟು ಸಂಸಾರ ಮಾಡಲು ಆಗುತ್ತದಾ? ಹುಟ್ಟುವ ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಆದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ.

ಪ್ರಶ್ನೆ: ಸಕಲೇಶಪುರದ ಹತ್ತಿರ ಕಾಫಿ ತೋಟ. ವಯಸ್ಸು 52. ಗಡ್ಡದ ಜಾಗ, ಕಿವಿ ಹಿಂದೆ ಸೋರಿಯಾಸಿಸ್. ಡಿಸೆಂಬರ್ ಬಂತೆಂದರೆ ಜಾಸ್ತಿ. ಟ್ಯಾಕ್ರೋಲಿಮಸ್ ಹಚ್ಚುತ್ತಿದ್ದೇನೆ. ಸಂಜೆ ಒಂದು ಪೆಗ್ ಹಾಕಿದರೆ ಮುಖ ಕೆಂಡದ ಹಾಗಾಗುತ್ತದೆ. ಬಿಪಿ ಮಾತ್ರೆಯೂ ಇದೆ. ಕಾಫಿ ಬಿಡಬೇಕಾ?

ಉತ್ತರ: ಕಾಫಿ ಕುಡಿಯಿರಿ. ಪೆಗ್ ಬಿಡಿ. ಟ್ಯಾಕ್ರೋಲಿಮಸ್ ಹಚ್ಚುವ ಕೆಲವರಿಗೆ ಮದ್ಯ ಕುಡಿದ ಕೂಡಲೇ ಮುಖ ಹೀಗೆ ಕೆಂಪೇರುತ್ತದೆ. ಅಪಾಯವಿಲ್ಲ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆದರೆ ಕುಡಿತ, ಸಿಗರೇಟು ಎರಡೂ ಸೋರಿಯಾಸಿಸ್ಸನ್ನೇ ಕೆರಳಿಸುತ್ತವೆ. ಮುಂದೆ ಮೆಥೋಟ್ರೆಕ್ಸೇಟ್ ಬೇಕಾದರೆ ಲಿವರ್ ಚೆನ್ನಾಗಿರಬೇಕು. ಆ ಮಾತ್ರೆ ವಾರಕ್ಕೆ ಒಂದೇ ದಿನ, ದಿನಾ ತಿಂದರೆ ಜೀವಕ್ಕೇ ಕುತ್ತು. ನನ್ನ ರೋಗಿಗಳಿಗೆ 'ನಿಮ್ಮೂರ ಸಂತೆ ದಿನ' ಅಂತ ಬರೆದುಕೊಡುತ್ತೇನೆ, ಮರೆಯುವುದಿಲ್ಲ.

ಬಿಪಿ ಮಾತ್ರೆಯ ಹೆಸರು ಬರೆದಿಲ್ಲ. ಅಟೆನೊಲಾಲ್, ಪ್ರೊಪ್ರನೊಲಾಲ್ ಗುಂಪಿನದಾದರೆ ಕೆಲವರಿಗೆ ಸೋರಿಯಾಸಿಸ್ ಜಾಸ್ತಿಯಾಗುತ್ತದೆ. ನೀವೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನು ಕೇಳಿ ಬದಲಿಸಿಕೊಳ್ಳಿ.

ಡಿಸೆಂಬರ್ ವಿಷಯಕ್ಕೆ ನನಗೆ ನಿಮ್ಮ ಬಚ್ಚಲ ಮೇಲೆ ಅನುಮಾನ. ಮಲೆನಾಡಿನ ಹಂಡೆ ಸ್ನಾನ ಯಾರಿಗೆ ಗೊತ್ತಿಲ್ಲ? ಹೊಗೆ ತುಂಬಿದ ಬಚ್ಚಲು, ಕುದಿಯುವ ನೀರು, ಚೊಂಬಿನಿಂದ ಹೊಯ್ದುಕೊಂಡಷ್ಟೂ ಸುಖ. ನಾನೂ ಅದರಲ್ಲೇ ಬೆಳೆದವನು. ಆ ಸುಖ ಮುಖದಲ್ಲಿರುವ ಅಷ್ಟೂ ಜಿಡ್ಡನ್ನು ತೊಳೆದುಕೊಂಡು ಹೋಗುತ್ತದೆ. ಹೊರಗೆ ಬಂದರೆ ಒಣ ಚಳಿಗಾಳಿ, ಒಳಗೆ ಒಲೆಯ ಕಾವು. ಮೈಗೆ ಬೇಕಾದರೆ ಒಂದಿಷ್ಟು ಬಿಸಿ ಹೊಯ್ದುಕೊಳ್ಳಿ, ಮುಖಕ್ಕೆ ಮಾತ್ರ ಉಗುರುಬೆಚ್ಚಗೆ, ಸೋಪಿಲ್ಲದೆ. ಒರೆಸಿದ ಮೂರು ನಿಮಿಷದೊಳಗೆ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಗಡ್ಡವನ್ನು ಬ್ಲೇಡಿನಿಂದ ಒತ್ತಿ ಕೆರೆಯುವ ಬದಲು ಟ್ರಿಮ್ಮರ್ ಹಿಡಿಯಿರಿ. ಕಿವಿಯೊಳಗೆ ಬಡ್ಸ್ ಹಾಕಬೇಡಿ.

ಪ್ರಶ್ನೆ: ಬೇಲೂರಿನಿಂದ. ನನಗೆ 47. ಹಣೆ, ಕಿವಿಯಲ್ಲಿ ಪೊರೆ ಏಳುತ್ತದೆ. ನಂಜು ಅಂತ ಬದನೆಕಾಯಿ, ಮೀನು, ಕೋಳಿ ಎಲ್ಲ ಬಿಟ್ಟು ಎರಡು ವರ್ಷವಾಯಿತು. ಇನ್ನೇನು ಬಿಡಬೇಕು? ಉಗುರಿನ ಮೇಲೆ ಗುಂಡುಪಿನ್ ಚುಚ್ಚಿದ ಹಾಗೆ ತೂತಾಗಿದೆ. ಬೆಳಿಗ್ಗೆ ಬೆರಳು ಹಿಡಿದುಕೊಳ್ಳುತ್ತದೆ, ಅದು ಚಳಿಗೆ ಅಂತ ಸುಮ್ಮನಿದ್ದೇನೆ.

ಉತ್ತರ: ಬದನೆಕಾಯಿ ಬಿಟ್ಟರೆ ಸೋರಿಯಾಸಿಸ್ ಹೋಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಯಾವುದೋ ಒಂದು ಪದಾರ್ಥ ತಿಂದಾಗಲೆಲ್ಲ ನಿಮಗೆ ಕೆರಳುತ್ತದೆ ಅಂದರೆ ಅದೊಂದನ್ನು ಬಿಡಿ. ತೂಕ ಜಾಸ್ತಿ ಇದ್ದರೆ ಇಳಿಸಿ, ಅದರಿಂದ ನಿಜಕ್ಕೂ ಅನುಕೂಲ ಇದೆ. ಎರಡು ವರ್ಷದ ಪಥ್ಯ ಸಾಕು.

ನಿಮ್ಮ ಪತ್ರದಲ್ಲಿ ನನ್ನನ್ನು ನಿಲ್ಲಿಸಿದ್ದು ಕೊನೇ ಎರಡು ಸಾಲು. ಉಗುರಲ್ಲಿ ತೂತು, ಬೆಳಿಗ್ಗೆ ಬೆರಳು ಬಿಗಿತ. ಇದು ಚಳಿ ಅಲ್ಲದಿರಬಹುದು. ಸೋರಿಯಾಸಿಸ್ ಕೀಲಿಗೂ ಇಳಿಯುತ್ತದೆ. ಎದ್ದ ಮೇಲೆ ಅರ್ಧ ಗಂಟೆಯಾದರೂ ಮುಷ್ಟಿ ಕಟ್ಟಲು ಆಗುತ್ತಿಲ್ಲವಾ? ಒಂದು ಬೆರಳು ಪೂರ್ತಿ ಊದಿಕೊಂಡಿದೆಯಾ? ಹಿಮ್ಮಡಿ ನೋವಾ? ಹೌದಾದರೆ ಈ ವಾರವೇ ತೋರಿಸಿ. ಮುಖದ ಪೊರೆ ಯಾವಾಗ ಬೇಕಾದರೂ ಇಳಿಸಬಹುದು. ಸವೆದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ. ಕೀಲಿಗೆ ಇಳಿದಿದ್ದರೆ ಬರೀ ಮುಲಾಮು ಸಾಲದು, ಮಾತ್ರೆಯೋ ಇಂಜೆಕ್ಷನ್ನೋ ಬೇಕಾಗುತ್ತದೆ. ಅದರಿಂದ ಮುಖವೂ ತಿಳಿಯಾಗುತ್ತದೆ.

ಡಾಕ್ಟರ ಎದುರು ಕೂತಾಗ ಬೆರಳಿನ ವಿಷಯ ಮೊದಲು ಹೇಳಿ. ಬದನೆಕಾಯಿ ಆಮೇಲೆ.