ಸೋಫಾ ಪಕ್ಕಕ್ಕೆ ಅಜ್ಜಿಯ ಬೀಟೆ ಮೇಜು

ಅಜ್ಜಿಯ ಮನೆಯ ಪುಟ್ಟ ಬೀಟೆ ಮೇಜು ಹೊಸ ಬೂದು ಸೋಫಾಕ್ಕೆ ಹೊಂದುತ್ತದೆಯೇ, ಮಾರಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಮಾರಬೇಡಿ. ಮೊದಲು ಎತ್ತರ ಅಳೆಯಿರಿ: ಸೋಫಾದ ಕೈಗೆ ಸಮ, ಇಲ್ಲವೇ ಒಂದೆರಡು ಇಂಚು ತಗ್ಗಿದ್ದರೆ ಕಾಫಿ ಲೋಟ ಇಡಲು ಹಿತ. ಬಳಿಕ ಮೇಜನ್ನು ಬೋರಲು ಹಾಕಿ ನೋಡಿ. ಸೂಜಿಮೊನೆಯಷ್ಟು ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಹುಳುವಿದೆ. ಮದ್ದು ಹಾಕಿಸದೆ ಮನೆಯೊಳಗೆ ತರಬೇಡಿ. ಬೀಟೆಯ ಕಪ್ಪು ತಿರುಳು ಗಟ್ಟಿ, ಬಿಳಿಚಿಕೊಂಡ ಅಂಚುಗಳಲ್ಲೇ ತೂತು ಹುಡುಕಿ. ಪೇಂಟ್ ಮಾತ್ರ ಬಳಿಸಲೇಬೇಡಿ! ನಮ್ಮ ಮೇಜಿನ ಮೇಲೆ ಬಿಸಿ ಲೋಟದ ಬಿಳಿ ಉಂಗುರಗಳಿದ್ದವು. ಬಡಗಿ ಅರಗಿನ ಪಾಲಿಶನ್ನು ಬಟ್ಟೆಯುಂಡೆಯಿಂದ ಉಜ್ಜಿದ ಮೇಲೆ ಕೆಂಗಪ್ಪು ಗೆರೆಗಳು ಮತ್ತೆ ಎದ್ದುಬಂದವು. ಇನ್ನೊಂದು ಬದಿಗೆ ಅದರದೇ ಜೋಡಿ ಹುಡುಕುತ್ತಾ ಅಲೆಯಬೇಕಿಲ್ಲ. ತೆಳು ಕಬ್ಬಿಣದ ಕಾಲಿನ ಹೊಸ ಮೇಜು ಸಾಕು, ಎತ್ತರವೊಂದು ಸರಿಸಮವಿರಲಿ.