ಹಮಾಲರು ಸೈಜ್ ನೋಡಿ ಜೋಡಿಸಿದ ಕಡತಗಳು

ಪ್ರಶ್ನೆ: ನಾನು ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ, ಅಂದರೆ ಎಫ್‌ಡಿಎ. ಬಾಡಿಗೆ ಕಟ್ಟಡದಿಂದ ಹೊಸ ಸ್ವಂತ ಕಟ್ಟಡಕ್ಕೆ ಹೋಗಬೇಕು. ಜುಲೈ ಒಳಗೆ ಖಾಲಿ ಮಾಡಿ ಅಂತ ಮಾಲೀಕರು ಹೇಳಿದ್ದಾರೆ. ಸಾಹೇಬರು 'ನೀವೇ ನೋಡ್ಕೊಳ್ಳಿ ಮೇಡಂ' ಅಂದುಬಿಟ್ಟರು. ಎಲ್ಲಿಂದ ಶುರು ಮಾಡಲಿ?
– ಓದುಗರು, ಚಿಕ್ಕಮಗಳೂರು

ಉತ್ತರ: ಮೊದಲು ಆ 'ನೀವೇ ನೋಡ್ಕೊಳ್ಳಿ'ಯನ್ನು ಕಚೇರಿ ಆದೇಶ ಮಾಡಿಸಿಕೊಳ್ಳಿ. ಬಾಯಿಮಾತಿಗೆ ಒಪ್ಪಿಕೊಂಡರೆ ನಾಳೆ ಒಂದು ಸ್ಟೂಲ್ ಕಾಣದಿದ್ದರೂ ನೋಟಿಸ್ ನಿಮಗೇ. ಎರಡನೆಯದು, ಜುಲೈ ತನಕ ಕಾಯಬೇಡಿ, ಮೇ ತಿಂಗಳಲ್ಲೇ ಮುಗಿಸಿ. ಚಿಕ್ಕಮಗಳೂರಿನ ಮಳೆ ಬಗ್ಗೆ ನಾನು ಹೇಳಬೇಕಾ?

ಎಲ್ಲರೂ ಮೇಜು ಕುರ್ಚಿ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಅರ್ಧ ದಿನದ ಕೆಲಸ. ಜೀವ ತಿನ್ನುವುದು ಕಡತ. ನಾನಿದ್ದ ಒಂದು ಕಚೇರಿ ಹಾಸನದಲ್ಲೇ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಯಿತು, ಅಷ್ಟೇ ದೂರ. ಕೆಂಪು ಬಟ್ಟೆಯ ಗಂಟುಗಳನ್ನು ಲಾರಿಗೆ ಹಾಕಿ ಕಳಿಸಿ, ನಾವು ಕಾಫಿ ಕುಡಿದು ಹಿಂದೆ ಹೋಗುವಷ್ಟರಲ್ಲಿ ಹಮಾಲರು ಪಾಪ ಬಹಳ ಮುತುವರ್ಜಿಯಿಂದ ದಪ್ಪ ಗಂಟೆಲ್ಲ ಕೆಳಗೆ, ಸಣ್ಣದೆಲ್ಲ ಮೇಲೆ ಅಂತ ಸೈಜ್ ಪ್ರಕಾರ ಜೋಡಿಸಿಬಿಟ್ಟಿದ್ದರು! ನೋಡೋಕೆ ಚೆಂದ. ಬಿಡಿಸೋಕೆ ಮೂರು ತಿಂಗಳು.

ಹಾಗಾಗಿ ಗಂಟು ಕಟ್ಟುವಾಗಲೇ ಶಾಖೆ, ವರ್ಷ, ಕ್ರಮಸಂಖ್ಯೆ ಬರೆದ ಚೀಟಿ ಒಂದು ಹೊರಗೆ, ಒಂದು ಒಳಗೆ. ಹೊಸ ಕಟ್ಟಡದ ರ‍್ಯಾಕಿಗೂ ಅದೇ ನಂಬರ್ ಸೀಮೆಸುಣ್ಣದಲ್ಲಿ ಮೊದಲೇ ಬರೆದಿಡಿ. ಪಟ್ಟಿ ಎರಡು ಪ್ರತಿ ಮಾಡಿ, ಹತ್ತಿಸುವ ಕಡೆ ಒಬ್ಬರು, ಇಳಿಸುವ ಕಡೆ ಒಬ್ಬರು ಟಿಕ್ ಹಾಕಲಿ. ಇಳಿಸುವ ಕಡೆ ನಿಲ್ಲುವವರು ರೆಕಾರ್ಡ್ ರೂಮಿನಲ್ಲಿ ವರ್ಷಗಟ್ಟಲೆ ಧೂಳು ಕುಡಿದವರೇ ಆಗಿರಬೇಕು, ಹೊಸ ಹುಡುಗರಲ್ಲ. ರೆಕಾರ್ಡ್ ರೂಂ ನೆಲಮಹಡಿಯಲ್ಲಿರಲಿ, ಕಾಗದದ ಭಾರ ಸುಮ್ನೆ ಅಲ್ಲ. ಹೊಸ ಗೋಡೆಯ ತೇವ ಇನ್ನೂ ಆರಿರುವುದಿಲ್ಲ, ರ‍್ಯಾಕನ್ನು ಒಂದು ಗೇಣು ದೂರ ನಿಲ್ಲಿಸಿ.

ಸಾಗಿಸುವ ದಿನಕ್ಕೆ ಎರಡನೇ ಅಥವಾ ನಾಲ್ಕನೇ ಶನಿವಾರ ಸರಿ. 2019ರಿಂದ ನಾಲ್ಕನೆಯದಕ್ಕೂ ರಜೆ ಇದೆಯಲ್ವಾ, ಭಾನುವಾರ ಸೇರಿ ಎರಡು ದಿನ ಸಿಗುತ್ತದೆ. ಆದರೆ ನೆಟ್ ಸಂಪರ್ಕಕ್ಕೆ ಒಂದೆರಡು ತಿಂಗಳು ಮುಂಚೆಯೇ ಪತ್ರ ಹಾಕಿ. ನೀವು ಹೋಗಿ ಕೂತ ಮೇಲೆ ಲೈನ್ ಬರದಿದ್ದರೆ ಇಷ್ಟು ದಿನದೊಳಗೆ ಸೇವೆ ಕೊಡಲೇಬೇಕು ಅನ್ನುವ 'ಸಕಾಲ' ಯೋಜನೆಯ ಅರ್ಜಿಗಳ ಗಡುವು ನಿಮಗಾಗಿ ಕಾಯುವುದಿಲ್ಲ. ಮುರಿದ ಕುರ್ಚಿ ಅಂತ ದಾಸ್ತಾನು ವಹಿಯಲ್ಲಿರುವುದನ್ನು ಅಲ್ಲೇ ಎಸೆದು ಬರಬೇಡಿ, ಅದಕ್ಕೂ ಮಂಜೂರಾತಿ ಬೇಕು. ಹಳೆ ಕಟ್ಟಡದ ಮೀಟರ್ ರೀಡಿಂಗ್ ಫೋಟೊ ತೆಗೆದು ಮೆಸ್ಕಾಂ ಬಿಲ್ ಚುಕ್ತಾ ಮಾಡಿ. ಬೀಗದ ಕೈ ಕೊಟ್ಟಿದ್ದಕ್ಕೆ ಮಾಲೀಕರ ಸಹಿ ತಗೊಳ್ಳಿ, ಇಲ್ಲದಿದ್ದರೆ ಬಾಡಿಗೆ ಓಡುತ್ತಲೇ ಇರುತ್ತದೆ.

ಮತ್ತೆ, ಹಳೆ ಬಾಗಿಲಿಗೆ ಒಂದು ಬೋರ್ಡು. 'ಕಚೇರಿ ಸ್ಥಳಾಂತರಗೊಂಡಿದೆ' ಅಂತ ಬರೆದು ಎಲ್ಲಿಗೆ ಅಂತ ಬರೆಯದ ಬೋರ್ಡು ನಾನು ನೋಡಿದ್ದೇನೆ. ಕೊಪ್ಪ, ಶೃಂಗೇರಿಯಿಂದ ಬೆಳಿಗ್ಗೆ ಬಸ್ ಹತ್ತಿ ಬಂದವರಿಗೆ ಬಸ್ ಸ್ಟ್ಯಾಂಡಿನಿಂದ ದಾರಿ ಹೇಗೆ ಅಂತಲೂ ಬರೆಸಿ.

ಪ್ರಶ್ನೆ: ಮಾಹಿತಿ ಹಕ್ಕಿನಲ್ಲಿ ಕೇಳಿದ ಕಡತಕ್ಕೆ 'ಕಚೇರಿ ಸ್ಥಳಾಂತರದ ವೇಳೆ ಲಭ್ಯವಾಗಿಲ್ಲ' ಅಂತ ಉತ್ತರ ಬಂದಿದೆ. ಏನು ಮಾಡಲಿ?
– ಓದುಗರು, ಅರಸೀಕೆರೆ

ಉತ್ತರ: 2005ರ ಕಾಯ್ದೆಯಲ್ಲಿ ಮಾಹಿತಿ ನಿರಾಕರಿಸಲು ಕೊಟ್ಟಿರುವ ಕಾರಣಗಳಲ್ಲಿ 'ಸಿಗುತ್ತಿಲ್ಲ' ಅನ್ನುವುದು ಇಲ್ಲ. ಉತ್ತರ ಕೈಗೆ ಬಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಜೊತೆಗೆ 10 ರೂಪಾಯಿ ಕಟ್ಟಿ ಇನ್ನೊಂದು ಅರ್ಜಿ ಕೊಡಿ: ಕಡತ ಸಾಗಿಸಿದಾಗ ಮಾಡಿದ ಪಟ್ಟಿಯ ನಕಲು ಬೇಕು ಅಂತ. ಪಟ್ಟಿಯೇ ಮಾಡಿಲ್ಲ ಅಂದರೆ ಅದನ್ನೂ ಬರಹದಲ್ಲಿ ಕೊಡಲಿ.